ಐಗಳ ಮಠದಿಂದ ಊರ ಶಾಲೆಗೆ

ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಿಂದ ಮೊದಲ್ಗೊಂಡು ಶ್ರೀಕಂಠೇಶ್ವರನ ಸನ್ನಿಧಿಯಾದ ನಂಜನಗೂಡಿನ ಸುತ್ತಣ ಹಳ್ಳಿಗಳವರೆಗೂ ಹಬ್ಬಿರುವ ನಾಡಿಗೆ ಅಕ್ಷರವು ಹೊಸದಲ್ಲ. ಗಂಗರಸರ ರಾಜಧಾನಿಯಾಗಿದ್ದ ತಲಕಾಡು ಈ ಸೀಮೆಯದು. ಹೊಯ್ಸಳರ ದಂಡನಾಯಕನಾದ ಸೋಮನಾಥನು 13ನೆಯ ಶತಮಾನದಲ್ಲಿ ಕೇಶವಾಲಯವನ್ನು ಕಟ್ಟಿಸಿ ಅಗ್ರಹಾರವನ್ನು ನೆಲೆಗೊಳಿಸಿದ ಸೋಮನಾಥಪುರವೂ ಈ ಸೀಮೆಯದೇ. ಈ ಎರಡು ತಾಲ್ಲೂಕುಗಳ ಶಿಲಾಶಾಸನಗಳನ್ನು ಬಿ. ಎಲ್. ರೈಸ್ ಮಹಾಶಯರು ಸಂಗ್ರಹಿಸಿ, ಎಪಿಗ್ರಾಫಿಯ ಕರ್ನಾಟಿಕ ಗ್ರಂಥಮಾಲೆಯ ಮೂರನೆಯ ಸಂಪುಟದಲ್ಲಿ 1894ರಲ್ಲಿ ಪ್ರಕಟಿಸಿದರು. ಕಲ್ಲಿನ ಮೇಲೆ ಇಷ್ಟು ಅಕ್ಷರವನ್ನು ಕಂಡರಿಸಿದ ನಾಡಿನಲ್ಲಿ, ಆ ಅಕ್ಷರವನ್ನು ಓದಬಲ್ಲವರು ಎಷ್ಟು ಮಂದಿ ಇದ್ದರು? ಶಾಸನದಲ್ಲಿ ಹೇಳಿದ ಗದ್ದೆಯನ್ನು ಉತ್ತವನ ಮಗನು, ಆ ಕಲ್ಲನ್ನು ಬಂಡಿಯಲ್ಲಿ ಹೊತ್ತು ತಂದವನ ಮಗಳು, ಅದನ್ನು ಓದಿದ್ದುಂಟೇ? ಈ ಪ್ರಶ್ನೆಯನ್ನು ಕೇಳಿದೊಡನೆ ನಾಡಿನ ವಿದ್ಯೆಯ ಚರಿತ್ರೆಯು ಬೇರೊಂದು ಬಗೆಯಾಗಿ ಕಾಣತೊಡಗುವುದು.

ಮೈಸೂರು ನಂಜನಗೂಡುಗಳ ನಡುವಣ ತಾಂಡ್ಯದಂತಹ ಒಂದು ಊರಿನ ಪ್ರಾಥಮಿಕ ಪಾಠಶಾಲೆಯು ಹೊರನೋಟಕ್ಕೆ ಅಲ್ಪವಾದ ವಸ್ತುವಾಗಿ ತೋರಬಹುದು. ನಾಲ್ಕು ಗೋಡೆ, ಒಂದು ಕಪ್ಪುಹಲಗೆ, ಒಂದು ಗಂಟೆ, ಇಬ್ಬರೋ ಮೂವರೋ ಉಪಾಧ್ಯಾಯರು. ಆದರೆ ಆ ಶಾಲೆಯ ಬಾಗಿಲು ಇಂದಿನಷ್ಟು ಅಗಲವಾಗುವುದಕ್ಕೆ ನೂರೈವತ್ತು ವರ್ಷಗಳಿಗೂ ಮಿಕ್ಕಿ ಕಾಲ ಹಿಡಿಯಿತು. ಕಲಿಸುವ ಕ್ರಮವು ನಮ್ಮ ಹಿರಿಯರಲ್ಲಿ ಮೊದಲಿನಿಂದಲೂ ಇದ್ದಿತು; ಎಲ್ಲರನ್ನೂ ಒಳಗೆ ಕರೆಯುವ ಧೈರ್ಯವು ಮಾತ್ರ ಬಹಳ ತಡವಾಗಿ ಬಂದಿತು. ಈ ಎರಡು ಸಂಗತಿಗಳನ್ನೂ ಒಟ್ಟಿಗೆ ನೆನೆದಲ್ಲದೆ ಊರ ಶಾಲೆಯ ಬೆಲೆಯು ತಿಳಿಯಲಾರದು.

ಐಗಳ ಮಠ

ಸರ್ಕಾರದ ಶಾಲೆಗಳು ಹುಟ್ಟುವುದಕ್ಕೆ ಮುಂಚೆ ಈ ಸೀಮೆಯ ಮಕ್ಕಳು ಅಕ್ಷರವನ್ನು ಕಲಿತದ್ದು ಐಗಳ ಮಠದಲ್ಲಿ. ಹಳೆಯ ಮೈಸೂರಿನಲ್ಲಿ ಮಠವೆಂಬ ಮಾತು ಗುರುಪೀಠಕ್ಕೆ ಸಲ್ಲುತ್ತಿದ್ದಂತೆಯೇ ಪಾಠಶಾಲೆಗೂ ಸಲ್ಲುತ್ತಿದ್ದಿತು. ಕಲಿಸುವವರು ಜಂಗಮರಾಗಲಿ ಬೇರೆ ಕುಲದವರಾಗಲಿ, ಅವರನ್ನು ಐಗಳೆಂದೇ ಜನರು ಕರೆಯುತ್ತಿದ್ದರು. ಮಕ್ಕಳ ತಂದೆತಾಯಿಗಳು ಕೊಡುವ ಕೂಲಿಯಿಂದ ನಡೆಯುತ್ತಿದ್ದುದರಿಂದ ಕೂಲಿಮಠವೆಂಬ ಹೆಸರೂ ಬಂದಿತು. ಊರ ಚಾವಡಿ, ಗುಡಿಯ ಮಂಟಪ, ಮಠದ ಪಡಸಾಲೆ, ಅನುಕೂಲಸ್ಥರ ಮನೆಯ ಜಗಲಿ, ಇವುಗಳಲ್ಲಿ ಯಾವುದಾದರೊಂದು ಎಡೆ ಶಾಲೆಯಾಗುತ್ತಿದ್ದಿತು.

ಹುಡುಗನು ಮೊದಲು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿಂದ ಅಕ್ಷರವನ್ನು ತಿದ್ದುವನು. ಅವನ ಕೈಯನ್ನು ಹಿಡಿದು ತಿದ್ದಿಸುವವನು ಹಲವು ವೇಳೆ ಅವನಿಗಿಂತ ಒಂದೆರಡು ವರ್ಷ ಮುಂದೆ ಇರುವ ಹುಡುಗನೇ. ಐಗಳು ಹಿರಿಯ ಹುಡುಗರಿಗೆ ಪಾಠ ಹೇಳುವರು. ಹಿರಿಯರು ಕಿರಿಯರಿಗೆ ಹೇಳುವರು. ಮರಳಿನಿಂದ ಹಲಗೆಗೆ, ಹಲಗೆಯಿಂದ ಬಳಪದಲ್ಲಿ ಬರೆಯುವ ಕಪ್ಪು ಕಡತಕ್ಕೆ, ಅಲ್ಲಿಂದ ಓಲೆಗರಿಗೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಕಾಗುಣಿತ, ಒತ್ತಕ್ಷರ, ಮಗ್ಗಿ, ಕಾಲು ಅರೆ ಮುಕ್ಕಾಲುಗಳ ಬಾಯಿಲೆಕ್ಕ, ಕೊಳಗ ಖಂಡುಗಗಳ ಅಳತೆ, ಪತ್ರ ಬರೆಯುವ ರೀತಿ, ಇಷ್ಟು ಲೋಕವ್ಯವಹಾರಕ್ಕೆ. ಅಮರಕೋಶ, ಸೋಮೇಶ್ವರ ಶತಕ, ಜೈಮಿನಿ ಭಾರತ, ಶರಣರ ಪುರಾಣಗಳು, ಇಷ್ಟು ಬಾಯಿಪಾಠಕ್ಕೂ ಸಂಸ್ಕಾರಕ್ಕೂ. ಮಹಾನವಮಿಯು ಬಂದಾಗ ಮಕ್ಕಳು ಹೊಸ ಬಟ್ಟೆಯುಟ್ಟು, ಕೋಲು ಹಿಡಿದು, ಮನೆಮನೆಯ ಮುಂದೆ ಚೌಪದವನ್ನು ಹೇಳುವರು. ಆಗ ಮನೆಯವರು ಕೊಟ್ಟ ಕಾಣಿಕೆಯು ಐಗಳಿಗೆ ಸಲ್ಲುವುದು. ವರ್ಷಕ್ಕೊಮ್ಮೆ ಊರೆಲ್ಲವೂ ತನ್ನ ಮಕ್ಕಳ ಓದನ್ನು ಕಿವಿಯಾರೆ ಕೇಳಿ ಗುರುವಿಗೆ ಗೌರವ ಸಲ್ಲಿಸುವ ಪರೀಕ್ಷೆಯೇ ಅದಾಗಿದ್ದಿತು.

ಈ ಕ್ರಮವನ್ನು ಹಳ್ಳಿಗಾಡಿನ ಒರಟು ಪದ್ಧತಿಯೆಂದು ತಳ್ಳಿಹಾಕುವುದು ಯುಕ್ತವಲ್ಲ. ಮದರಾಸಿನಲ್ಲಿ ಸೈನಿಕರ ಅನಾಥ ಬಾಲಕರ ಶಾಲೆಗೆ 1789ರಲ್ಲಿ ಮೇಲ್ವಿಚಾರಕರಾಗಿ ಬಂದ ಆಂಡ್ರೂ ಬೆಲ್ ಎಂಬ ಪಾದ್ರಿಗಳು, ಈ ದೇಶದ ಜಗಲಿಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ಬೆರಗಾದರು. ಅದನ್ನು ತಮ್ಮ ಶಾಲೆಯಲ್ಲಿ ತಂದು, ಹಿರಿಯ ಹುಡುಗರಿಂದಲೇ ಕಿರಿಯರಿಗೆ ಪಾಠ ಹೇಳಿಸುವ ಏರ್ಪಾಡನ್ನು ಮಾಡಿದರು. 1797ರಲ್ಲಿ ಅದರ ವಿವರವನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ಮುಂದೆ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಆ ಕ್ರಮವು ಮದರಾಸು ಪದ್ಧತಿಯೆಂಬ ಹೆಸರಿನಿಂದಲೇ ಹಬ್ಬಿತು. ಎಂದರೆ ದಕ್ಷಿಣದೇಶದ ಜಗಲಿಯ ಮರಳು ಸಮುದ್ರವನ್ನು ದಾಟಿ ಹೋಗಿ ಅಲ್ಲಿಯ ಬಡವರ ಮಕ್ಕಳಿಗೂ ಅಕ್ಷರವನ್ನು ಕೊಟ್ಟಿತು.

ಸಮುದ್ರವನ್ನು ದಾಟಿದ ಆ ಮರಳು ಊರೊಳಗಣ ಒಂದು ಓಣಿಯನ್ನು ದಾಟಲಿಲ್ಲವೆಂಬುದೂ ಅಷ್ಟೇ ದಿಟ. ಐಗಳ ಮಠದಲ್ಲಿ ಕುಳಿತವರು ಕೂಲಿ ಕೊಡಬಲ್ಲವರ ಗಂಡುಮಕ್ಕಳು. ಹೆಣ್ಣುಮಕ್ಕಳಿಗೆ ಅಲ್ಲಿ ಎಡೆಯು ಬಹಳ ವಿರಳ. ಊರ ಹೊರಗಣ ಕೇರಿಯ ಮಕ್ಕಳಿಗೆ ಎಡೆಯೇ ಇಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ನಾನಾ ಕಾಯಕದ ಸ್ತ್ರೀಪುರುಷರನ್ನು ಒಂದೇ ಗೋಷ್ಠಿಯಲ್ಲಿ ಕೂಡಿಸಿದರೆಂಬುದನ್ನು ಹೇಳುವ ಪುರಾಣವನ್ನೇ ಬಾಯಿಪಾಠ ಮಾಡಿಸುತ್ತಿದ್ದ ಜಗಲಿಯಲ್ಲಿಯೂ ಸ್ಥಿತಿಯು ಹೀಗೆಯೇ ಇದ್ದಿತು. ಪೂರ್ವಜರ ಮೇಲೆ ದೋಷಾರೋಪಣೆ ಮಾಡುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಚರಿತ್ರೆಯನ್ನು ಬರೆಯುವಾಗ ಇದ್ದುದನ್ನು ಇದ್ದಂತೆ ಹೇಳುವುದೂ ಗುರುಸೇವೆಯ ಒಂದಂಗವೇ ಆಗಿರುವುದು.

ಹೋಬಳಿ ಶಾಲೆ

1831ರಿಂದ 1881ರವರೆಗೆ ಮೈಸೂರು ದೇಶವು ಕಮಿಷನರುಗಳ ಆಡಳಿತದಲ್ಲಿದ್ದಿತು. ಅದಕ್ಕೆ ಹೊಂದಿಕೊಂಡ ಕಾಲದಲ್ಲಿಯೇ, 1833ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಉಚಿತವಾದ ಇಂಗ್ಲಿಷ್ ಶಾಲೆಯೊಂದನ್ನು ಸ್ಥಾಪಿಸಿದರು. 1854ರಲ್ಲಿ ವುಡ್ ಎಂಬವರ ಶಿಕ್ಷಣ ನಿರೂಪವು ಹೊರಟ ಮೇಲೆ, 1857ರಲ್ಲಿ ಮೈಸೂರಿನಲ್ಲಿ ವಿದ್ಯಾ ಇಲಾಖೆಯು ಏರ್ಪಟ್ಟಿತು. ಆದರೂ ಮೊದಲ ಹತ್ತು ವರ್ಷಗಳ ಪ್ರಯತ್ನವೆಲ್ಲವೂ ಪಟ್ಟಣಗಳ ಪಾಲಾಯಿತು. ಹಳ್ಳಿಗೆ ಇಲಾಖೆಯೆಂಬ ಹೆಸರೂ ಮುಟ್ಟಲಿಲ್ಲ.

ಈ ಕೊರತೆಯನ್ನು ಕಂಡು 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ರೂಪಿಸಿದವರು, ಶಾಸನಗಳ ಸಂಗ್ರಹದಿಂದ ಪ್ರಖ್ಯಾತರಾದ ಆ ರೈಸ್ ಮಹಾಶಯರೇ. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ, ಕನ್ನಡವನ್ನು ಚೆನ್ನಾಗಿ ಬಲ್ಲ ಅವರು, ನಾಡಿನ ಹಳೆಯ ಅಕ್ಷರವನ್ನು ಕಲ್ಲಿನಿಂದ ಓದುವುದಕ್ಕೆ ಮುಂಚೆಯೇ ನಾಡಿನ ಮಕ್ಕಳಿಗೆ ಹೊಸದಾಗಿ ಅಕ್ಷರವನ್ನು ಓದಿಸುವ ಏರ್ಪಾಡಿನಲ್ಲಿ ತೊಡಗಿದ್ದರು. ಹೋಬಳಿಗೊಂದು ಶಾಲೆ, ಶಾಲೆಯ ಮನೆಯನ್ನು ಊರವರು ಒದಗಿಸತಕ್ಕದ್ದು, ಉಪಾಧ್ಯಾಯರಿಗೆ ತರಬೇತನ್ನೂ ಸಂಬಳವನ್ನೂ ಸರ್ಕಾರವು ಕೊಡತಕ್ಕದ್ದು, ಪಾಠವು ಕನ್ನಡದಲ್ಲಿಯೇ ನಡೆಯತಕ್ಕದ್ದು. ಇದು ಆ ಯೋಜನೆಯ ತಿರುಳು. ಊರವರ ಮನೆ, ಸರ್ಕಾರದ ಸಂಬಳ, ಈ ಎರಡೂ ಸೇರಿದಲ್ಲಿ ಶಾಲೆಯು ನಿಂತಿತು. ಒಂದು ಕೈ ಸಡಿಲಿದಲ್ಲಿ ಬಿದ್ದಿತು. ಪ್ರಾಥಮಿಕ ಶಾಲೆಯ ಈ ಮೂಲಧರ್ಮವು ಇಂದಿಗೂ ಬದಲಾಗಿಲ್ಲ.

ಹೋಬಳಿಗೊಂದೇ ಶಾಲೆಯಾದುದರಿಂದ ಸುತ್ತಲಿನ ಚಿಕ್ಕ ಹಳ್ಳಿಗಳ ಮಕ್ಕಳು ನಡೆದೇ ಹೋಗಬೇಕಾಗುತ್ತಿದ್ದಿತು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಪಾಠವಿಲ್ಲ. ನಾಟಿ, ಕಳೆ, ಕೊಯ್ಲು, ಒಕ್ಕಣೆಗಳ ದಿನಗಳಲ್ಲಿ ದೊಡ್ಡ ಹುಡುಗರು ಗದ್ದೆಗೆ, ಚಿಕ್ಕವರು ದನಗಳ ಹಿಂದೆ. ನಂಜನಗೂಡಿನ ತೇರು, ಸುತ್ತೂರಿನ ಜಾತ್ರೆ ಬಂದರೆ ಶಾಲೆಯು ತಾನಾಗಿಯೇ ಬರಿದಾಗುವುದು. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿ ರೈಲುದಾರಿಯು ಬಂದ ಮೇಲೆ ಈ ಸೀಮೆಯ ಜನರಿಗೆ ಓದುಬರಹದ ಲೌಕಿಕ ಪ್ರಯೋಜನವು ಇನ್ನಷ್ಟು ಸ್ಪಷ್ಟವಾಯಿತು. ಚೀಟಿಯನ್ನು ಓದುವುದಕ್ಕೆ, ತೂಕದ ರಸೀತಿಯನ್ನು ನೋಡುವುದಕ್ಕೆ, ಸಾಲಪತ್ರಕ್ಕೆ ಹೆಬ್ಬೆಟ್ಟನ್ನು ಒತ್ತುವ ಮೊದಲು ಅದರಲ್ಲಿ ಏನು ಬರೆದಿದೆಯೆಂದು ತಿಳಿಯುವುದಕ್ಕೆ ಅಕ್ಷರವು ಬೇಕೆಂದು ರೈತನಿಗೆ ತೋರಿತು. ಸ್ತ್ರೀವಿದ್ಯಾಭ್ಯಾಸಕ್ಕೂ 1881ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಮಹಾರಾಣಿಯವರ ಶಾಲೆಯು ನಾಂದಿಯಾಯಿತು. ರಾಜಧಾನಿಯಲ್ಲಿ ಹಚ್ಚಿದ ಆ ದೀಪವು ಹಳ್ಳಿಯ ಹೆಣ್ಣುಮಗುವಿನ ಕೈಗೆ ಬಳಪವನ್ನು ಕೊಡುವಷ್ಟರಲ್ಲಿ ಒಂದೆರಡು ತಲೆಮಾರುಗಳೇ ಕಳೆದವು.

ಬಾಗಿಲು ತೆರೆದ ಬಗೆ

ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದ ಕಾಲದಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆಯು ಸುಮಾರು 4,500ರಿಂದ 10,500ಕ್ಕೆ ಏರಿತು. ಪ್ರಾಥಮಿಕ ಶಿಕ್ಷಣದ ಕಾಯಿದೆಯು 1913ರಲ್ಲಿ ಜಾರಿಗೆ ಬಂದು, ಆಯ್ದ ಕೆಲವು ಊರುಗಳಲ್ಲಿ ಕಡ್ಡಾಯ ವಿದ್ಯಾಭ್ಯಾಸವು ಆರಂಭವಾಯಿತು. ಹೋಬಳಿಯಿಂದ ಹಳ್ಳಿಗೆ ಶಾಲೆಯು ಇಳಿದು ಬಂದದ್ದು ಈ ಕಾಲದಲ್ಲಿ. ಆದರೆ ಶಾಲೆಯು ಸಮೀಪಕ್ಕೆ ಬಂದ ಮಾತ್ರಕ್ಕೆ ಎಲ್ಲ ಮಕ್ಕಳೂ ಒಳಗೆ ಬಂದಂತಾಗಲಿಲ್ಲ. ಅಂದಿನ ಕಾಗದಪತ್ರಗಳಲ್ಲಿ ಪಂಚಮರೆಂದು ಬರೆಯಲ್ಪಟ್ಟ ಜನರ ಮಕ್ಕಳಿಗೆ ಪ್ರತ್ಯೇಕ ಶಾಲೆಗಳಿದ್ದವು. ಆ ಶಾಲೆ ಇಲ್ಲದ ಊರಿನಲ್ಲಿ ಅವರಿಗೆ ವಿದ್ಯೆಯೇ ಇಲ್ಲ.

ಆ ಮಕ್ಕಳಿಗಾಗಿ ಬಾಳನ್ನು ಸವೆಯಿಸಿದವರಲ್ಲಿ ಈ ಸೀಮೆಯ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ತಲಕಾಡು ರಂಗೇಗೌಡರನ್ನು ನೆನೆಯತಕ್ಕದ್ದು. ಮೈಸೂರಿನ ಪಂಚಮ ವಿದ್ಯಾರ್ಥಿಗಳ ಶಾಲೆಯಲ್ಲಿ ಉಪಾಧ್ಯಾಯರಾಗಿ ನಿಂತು, ಸ್ವಜನರ ನಿಂದೆಗೆ ಅಳುಕದೆ, ಆ ಮಕ್ಕಳನ್ನು ಓದಿಸಿದವರು ಅವರು. ಮುಂದೆ, ಸಿ. ಆರ್. ರೆಡ್ಡಿಯವರು ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದಾಗ, 1919ರಲ್ಲಿ, ಸರ್ಕಾರದ ಶಾಲೆಗಳು ಜಾತಿಯ ಭೇದವಿಲ್ಲದೆ ಸಕಲ ಮಕ್ಕಳಿಗೂ ತೆರೆದಿರತಕ್ಕದ್ದೆಂಬ ನಿರ್ಧಾರವಾಯಿತು. ಈ ನಿರ್ಧಾರಕ್ಕೆ ನಾಡಿನಲ್ಲಿ ವಿರೋಧವು ಅಲ್ಪವಾಗಿರಲಿಲ್ಲ. ಕೆಲವೆಡೆ ತಂದೆತಾಯಿಗಳು ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿದರು. ಕೆಲವೆಡೆ ಮಕ್ಕಳನ್ನು ಒಳಗೆ ಬಿಟ್ಟರೂ ಜಗಲಿಯ ಅಂಚಿನಲ್ಲಿ ಕೂರಿಸಿದರು. ಒಂದು ಆಜ್ಞೆಯಿಂದ ಬಾಗಿಲು ತೆರೆಯುವುದುಂಟು. ಮನಸ್ಸು ತೆರೆಯುವುದಕ್ಕೆ ನೆರೆಹೊರೆಯವರ ನಡೆ ಬೇಕು. ನಂಜನಗೂಡು ತಾಲ್ಲೂಕಿನಲ್ಲಿ ತಗಡೂರು ರಾಮಚಂದ್ರರಾಯರಂತಹವರು ಖಾದಿಯೊಡನೆ ಅಸ್ಪೃಶ್ಯತಾನಿವಾರಣೆಯನ್ನೂ ವ್ರತವಾಗಿ ಕೈಕೊಂಡರು. ಗಾಂಧೀಜಿಯವರು ಬದನವಾಳಿನ ಖಾದಿ ಕೇಂದ್ರಕ್ಕೆ ಬಂದುದರಿಂದ ಆ ಕಾರ್ಯಕ್ಕೆ ಬಲವು ದೊರೆಯಿತು.

ಪ್ರಾಥಮಿಕ ಶಾಲೆಗಳ ಆಡಳಿತವು 1930ರ ಕಾಯಿದೆಯಿಂದ ಸ್ಥಳೀಯ ಸಂಸ್ಥೆಗಳ ಕೈಗೆ ಹೋಗಿ, 1941ರಲ್ಲಿ ಪುನಃ ಸರ್ಕಾರದ ಕೈಗೆ ಬಂದಿತು. ಅದೇ 1941ರಲ್ಲಿ, ಈ ಸೀಮೆಯ ಮಕ್ಕಳಿಗೆ ಸಂಬಂಧಪಟ್ಟ ಇನ್ನೊಂದು ಮಹತ್ಕಾರ್ಯವು ನಡೆಯಿತು. ಹಳ್ಳಿಯ ಶಾಲೆಯನ್ನು ಮುಗಿಸಿದ ಬಡ ಹುಡುಗನು ಮುಂದೆ ಓದಬೇಕಾದರೆ ಮೈಸೂರಿಗೆ ಹೋಗಬೇಕು. ಅಲ್ಲಿ ಅವನಿಗೆ ಅನ್ನವೆಲ್ಲಿ, ತಲೆಯಿಡುವ ಎಡೆಯೆಲ್ಲಿ? ಸುತ್ತೂರು ಶ್ರೀ ವೀರಸಿಂಹಾಸನ ಮಹಾಸಂಸ್ಥಾನದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು (1916-1986) ಆ ವರ್ಷ ಮೈಸೂರಿನಲ್ಲಿ ವಿದ್ಯಾರ್ಥಿನಿಲಯವನ್ನು ಆರಂಭಿಸಿ ಈ ಪ್ರಶ್ನೆಗೆ ಉತ್ತರವನ್ನು ಕೊಟ್ಟರು. ಯುದ್ಧಕಾಲದ ಅಭಾವದಲ್ಲಿಯೂ ಆ ಅನ್ನದ ಒಲೆಯು ಆರಲಿಲ್ಲ. 1954ರಲ್ಲಿ ಅವರು ಸ್ಥಾಪಿಸಿದ ಮಹಾವಿದ್ಯಾಪೀಠವು ಮುಂದೆ ವಿಶ್ವವಿದ್ಯಾಲಯದವರೆಗೆ ಬೆಳೆದುದನ್ನು ಲೋಕವೆಲ್ಲವೂ ಬಲ್ಲದು. ಅದರ ಬೇರು ಮಾತ್ರ ಹಳ್ಳಿಯ ಹುಡುಗನ ಹಸಿವನ್ನು ಕಂಡ ಒಂದು ಕರುಣೆಯಲ್ಲಿರುವುದು.

ಮಕ್ಕಳ ಪಾಡು ಹೀಗಿರಲು, ಬಾಲ್ಯದಲ್ಲಿ ಶಾಲೆಯನ್ನೇ ಕಾಣದ ದೊಡ್ಡವರ ಗತಿಯೇನು? 1940ರಲ್ಲಿ ಮೈಸೂರಿನ ವಿದ್ಯಾರ್ಥಿಗಳು ಕೈಕೊಂಡ ಸಾಕ್ಷರತಾ ಪ್ರಚಾರದಿಂದ ವಯಸ್ಕರ ಶಿಕ್ಷಣ ಸಮಿತಿಯು ಹುಟ್ಟಿತು. ಡೆನ್ಮಾರ್ಕ್ ದೇಶದ ರೈತರ ಶಾಲೆಗಳನ್ನು ಮೇಲ್ಪಂಕ್ತಿಯಾಗಿಟ್ಟುಕೊಂಡು, ಗ್ರಾಮದ ಯುವಕರಿಗಾಗಿ ಆ ಸಮಿತಿಯವರು ವಿದ್ಯಾಪೀಠಗಳನ್ನು ತೆರೆದರು. ಅವುಗಳಲ್ಲಿ ಮೊದಲನೆಯದು 1947ರಲ್ಲಿ ನಂಜನಗೂಡಿನಲ್ಲಿಯೇ ತೆರೆಯಿತೆಂಬುದು ಈ ಸೀಮೆಗೆ ಹೆಮ್ಮೆಯ ಸಂಗತಿ.

ದಾಖಲಾತಿ ಪುಸ್ತಕ

ಊರಿನ ಶಾಲೆಯಲ್ಲಿ ಪಾಠಪುಸ್ತಕಗಳಿಗಿಂತಲೂ ಹೆಚ್ಚಾಗಿ ಕಾಪಾಡಬೇಕಾದ ಒಂದು ಪುಸ್ತಕವಿದೆ. ಅದು ಮಕ್ಕಳ ದಾಖಲಾತಿ ಪುಸ್ತಕ. ರಾಜರ ಹೆಸರು ಕಲ್ಲಿನಲ್ಲಿ ಉಳಿಯಿತು. ಭೂಮಿಯುಳ್ಳವನ ಹೆಸರು ಶಾನುಭೋಗರ ಲೆಕ್ಕದಲ್ಲಿ ಉಳಿಯಿತು. ಭೂಮಿಯಿಲ್ಲದವನ ಮಗಳ ಹೆಸರು ಮೊತ್ತಮೊದಲು ಬರಹದಲ್ಲಿ ನಿಂತದ್ದು ಹಲವು ಊರುಗಳಲ್ಲಿ ಈ ಪುಸ್ತಕದಲ್ಲಿಯೇ. ಮಗುವಿನ ಹೆಸರು, ತಂದೆಯ ಹೆಸರು, ಕಸುಬು, ಹುಟ್ಟಿದ ತೇದಿ. ತಾಯಿಯು, ತೇರಿನ ಮುಂದಿನ ವಾರ ಹುಟ್ಟಿದ್ದು, ದೊಡ್ಡ ಮಳೆ ಬಂದ ವರ್ಷ ಹುಟ್ಟಿದ್ದು ಎಂದಿಷ್ಟೇ ಹೇಳಬಲ್ಲವಳಾಗಿದ್ದರೆ, ಉಪಾಧ್ಯಾಯರೇ ಲೆಕ್ಕ ಹಾಕಿ ಒಂದು ತೇದಿಯನ್ನು ಬರೆದುಕೊಳ್ಳುವರು. ಈ ನಾಡಿನಲ್ಲಿ ಜೂನ್ ತಿಂಗಳ 1ನೆಯ ತೇದಿಯಲ್ಲಿ ಹುಟ್ಟಿದ ಹಿರಿಯರು ಅಷ್ಟು ಮಂದಿ ಇರುವುದಕ್ಕೆ ಕಾರಣವು ಗ್ರಹಗತಿಯಲ್ಲ, ಶಾಲೆಯ ಆರಂಭದ ದಿನವೇ ಸರಿ. ತಂದೆತಾಯಿಗಳು ಹೆಸರಿಟ್ಟರು, ಉಪಾಧ್ಯಾಯರು ಜನ್ಮದಿನವನ್ನಿಟ್ಟರು. ಇಂತಹ ಬಂಧುತ್ವವನ್ನು ಬೇರಾವ ಅಧಿಕಾರಿಯಲ್ಲಿಯೂ ಕಾಣೆವು.

ಆ ಪುಸ್ತಕದ ಹಾಳೆಗಳನ್ನು ಕ್ರಮವಾಗಿ ತಿರುವಿದವರಿಗೆ ಊರು ಬೆಳೆದ ಬಗೆಯು ತಾನಾಗಿ ತಿಳಿಯುವುದು. ಮೊದಲ ಹಾಳೆಗಳಲ್ಲಿ ಕೆಲವೇ ಮನೆತನಗಳು. ಬಳಿಕ ಇತರ ಒಕ್ಕಲುಗಳು. ಬಳಿಕ ಊರ ಹೊರಗಣ ಕೇರಿ. ಆಮೇಲೆ ಹೆಣ್ಣುಮಕ್ಕಳ ಹೆಸರುಗಳು ಒಂದೊಂದಾಗಿ, ಕೊನೆಗೆ ಸಾಲುಸಾಲಾಗಿ. ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯು 1961ರಲ್ಲಿ ನಾಡಿಗೆಲ್ಲ ಬಂದಿತು. ಶಿಕ್ಷಣವು ಪ್ರತಿ ಮಗುವಿನ ಹಕ್ಕೆಂದು ದೇಶದ ಶಾಸನವು ಸಾರಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಶಾಸನಕರ್ತರು ವಿಧಿಯಲ್ಲಿ ಬರೆದುದನ್ನು ಊರ ಉಪಾಧ್ಯಾಯರು ಒಂದೊಂದು ಹೆಸರಾಗಿ ದಾಖಲಾತಿ ಪುಸ್ತಕದಲ್ಲಿ ಬರೆದರು.

ಕಲಿಕೆ ಮತ್ತು ದಾಸೋಹ

ಹಳೆಯ ಕ್ರಮವು ಹೊಸ ರೂಪದಲ್ಲಿ ಮರಳಿ ಬಂದುದನ್ನು ಇಲ್ಲಿ ಹೇಳುವುದು ಉಚಿತ. ಕಪಿಲೆಯ ಮೇಲ್ಭಾಗದಲ್ಲಿರುವ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಕೆಲವು ಶಾಲೆಗಳ ಉಪಾಧ್ಯಾಯರು ನಲಿ-ಕಲಿ ಎಂಬ ಕ್ರಮವನ್ನು ಆರಂಭಿಸಿದರು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗುಂಪಾಗಿ ನೆಲದ ಮೇಲೆ ಕುಳಿತು, ಕಲಿಕೆಯ ಕಾರ್ಡುಗಳನ್ನು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮುಂದುವರಿಯುವರು. ಬಲ್ಲ ಮಗುವು ಅರಿಯದ ಮಗುವಿಗೆ ನೆರವಾಗುವುದು. 2009ರಿಂದ ಈ ಕ್ರಮವು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಮರಳಿನ ಎಡೆಗೆ ಕಾರ್ಡು ಬಂದಿತು. ಬೆತ್ತವೂ ಕೋದಂಡವೂ ಹೋಗಿ ಹಾಡು ಬಂದಿತು. ಗೆಳೆಯನ ಕೈಹಿಡಿದು ತಿದ್ದಿಸುವ ಆ ಹಳೆಯ ರೀತಿಯು ಮಾತ್ರ ಉಳಿಯಿತು. ಐಗಳ ಮಠದಲ್ಲಿ ಇಲ್ಲದಿದ್ದ ಮಕ್ಕಳೂ ಈಗ ಆ ಗುಂಪಿನಲ್ಲಿರುವರೆಂಬುದೇ ವಿಶೇಷ.

ಕಲಿಕೆಯ ಜೊತೆಗೆ ಅನ್ನವೂ ಬಂದಿತು. ರಾಜ್ಯದ ಏಳು ಜಿಲ್ಲೆಗಳಲ್ಲಿ 2002ರಲ್ಲಿ ಮೊದಲಾದ ಮಧ್ಯಾಹ್ನದ ಬಿಸಿಯೂಟವು ಮರುವರ್ಷ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ಅದಕ್ಕೆ ಸರ್ಕಾರವು ಆರಿಸಿದ ಹೆಸರು ಅಕ್ಷರ ದಾಸೋಹ. ಶರಣರ ಮಾತೊಂದು ಹೀಗೆ ಪ್ರತಿಯೊಂದು ಹಳ್ಳಿಯ ಶಾಲೆಯ ಅಡುಗೆಮನೆಯ ಗೋಡೆಯ ಮೇಲೆ ಬಂದು ನಿಂತಿತು. ದಾಸೋಹವೆಂದರೆ ಉಳ್ಳವನು ಇಲ್ಲದವನಿಗೆ ನೀಡುವ ಭಿಕ್ಷೆಯಲ್ಲವೆಂಬುದನ್ನು ಮಠದ ಭಕ್ತರಿಗೆ ವಿವರಿಸಬೇಕಾಗಿಲ್ಲ. ನೀಡುವವನೇ ದಾಸನಾಗುವ ಧರ್ಮವದು. ಎಲ್ಲ ಮನೆಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತು, ಒಂದೇ ಪಾತ್ರೆಯ ಅನ್ನವನ್ನು ಉಣ್ಣುವ ನೋಟವು 1919ರ ಹಿರಿಯರಿಗೆ ಊಹಿಸುವುದಕ್ಕೂ ಕಷ್ಟವಾದುದಾಗಿದ್ದಿತು. ಅಡುಗೆಯವಳ ಜಾತಿಯನ್ನು ಕೇಳಿ ಮಗುವಿನ ತಟ್ಟೆಯನ್ನು ಹಿಂದಕ್ಕೆ ಎಳೆದ ಪ್ರಸಂಗಗಳು ನಾಡಿನಲ್ಲಿ ಅಲ್ಲಲ್ಲಿ ಆದುದುಂಟು. ಅಂತಹ ದಿನ ಊರಿನಲ್ಲಿ ದಾಸೋಹವು ನಿಂತಿತೆಂದೇ ತಿಳಿಯಬೇಕು, ಒಲೆಯು ಉರಿಯುತ್ತಿದ್ದರೂ ಸಹ.

ಊರ ಭಾರ

ತಾಂಡ್ಯದ ಹೆಸರು ಇಂದು ಹೊರಗಿನವರಿಗೆ ಪರಿಚಿತವಾಗಿರುವುದು ಕೈಗಾರಿಕಾ ಪ್ರದೇಶದಿಂದ. ಗದ್ದೆಯ ಬದುವಿನ ಎಡೆಗೆ ಕಾರ್ಖಾನೆಯ ಗೋಡೆಯು ಬಂದಿದೆ. ಹೊರಗಿನಿಂದ ದುಡಿಯಲು ಬಂದವರ ಮಕ್ಕಳು ಬೇರೆ ಬೇರೆ ಮನೆಮಾತುಗಳನ್ನಾಡುವರು. ಅದೇ ಹೊತ್ತಿನಲ್ಲಿ ಊರಿನ ಅನುಕೂಲಸ್ಥರ ಮಕ್ಕಳನ್ನು ಬೆಳಗಾದೊಡನೆ ಹಳದಿ ಬಣ್ಣದ ಬಸ್ಸುಗಳು ಇಂಗ್ಲಿಷ್ ಶಾಲೆಗಳಿಗೆ ಕರೆದೊಯ್ಯುವುವು. ಕರ್ನಾಟಕದ ಹಳ್ಳಿಗಳಲ್ಲೆಲ್ಲ ಸರ್ಕಾರಿ ಪ್ರಾಥಮಿಕ ಶಾಲೆಯ ಹಾಜರಿಯು ಇಳಿಯುತ್ತಿರುವುದಕ್ಕೆ ಇದೂ ಒಂದು ಕಾರಣ. ತಂದೆತಾಯಿಗಳು ಮಗುವಿಗೆ ಹಿತವೆಂದು ಭಾವಿಸಿಯೇ ಹಾಗೆ ಮಾಡುವರು. ಅದನ್ನು ನಿಂದಿಸುವುದು ಸಲ್ಲದು. ಆದರೆ ಅದರ ಪರಿಣಾಮವನ್ನು ಯೋಚಿಸದಿರುವುದೂ ಸಲ್ಲದು. ಕೂಲಿ ಕೊಡಬಲ್ಲವರ ಮಕ್ಕಳು ಒಂದು ಕಡೆ, ಕೊಡಲಾರದವರ ಮಕ್ಕಳು ಇನ್ನೊಂದು ಕಡೆ ಎಂಬ ಕೂಲಿಮಠದ ದೋಷವು ಹೊಸ ವೇಷದಲ್ಲಿ ಮರಳಿ ಬರುವುದಾದರೆ, ನೂರೈವತ್ತು ವರ್ಷಗಳ ನಡಿಗೆಯು ಹೊರಟಲ್ಲಿಗೇ ಬಂದು ನಿಂತಂತಾಯಿತು.

ಶಾಲೆಯ ಮನೆಯನ್ನು ಊರವರು ಒದಗಿಸತಕ್ಕದ್ದೆಂದು 1868ರ ಯೋಜನೆಯು ಹೇಳಿತು. 2001ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಏರ್ಪಟ್ಟ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಮಕ್ಕಳ ಪೋಷಕರನ್ನೇ ಶಾಲೆಯ ಯಜಮಾನರನ್ನಾಗಿ ಮಾಡಿದವು. ಹೀಗೆ ಭಾರವು ಪುನಃ ಊರಿನ ಹೆಗಲಿಗೆ ಬಂದಿದೆ. ಭಕ್ತರು ಜಾತ್ರೆಗೆ ಧಾನ್ಯವನ್ನು ಕೊಡುವರು, ತೇರಿಗೆ ಹಗ್ಗವನ್ನು ಕೊಡುವರು, ಗುಡಿಯ ಗೋಪುರಕ್ಕೆ ಸುಣ್ಣವನ್ನು ಕೊಡುವರು. ಅದೇ ಕೈಯಿಂದ ತಮ್ಮ ಊರಿನ ಶಾಲೆಯ ಮಾಡಿಗೆ ಎರಡು ಹೆಂಚು, ಹೆಣ್ಣುಮಕ್ಕಳಿಗೆ ಬಾಗಿಲುಳ್ಳ ಒಂದು ಶೌಚಾಲಯ, ಮಕ್ಕಳು ಕೈಯಲ್ಲಿ ಹಿಡಿದು ಓದುವುದಕ್ಕೆ ನಾಲ್ಕು ಪುಸ್ತಕ, ಇವುಗಳನ್ನು ಕೊಡುವುದು ಅದಕ್ಕಿಂತ ಕಡಿಮೆಯಾದ ಸೇವೆಯಲ್ಲ. ಕೊಡಲು ಏನೂ ಇಲ್ಲದವರು ವರ್ಷಕ್ಕೊಮ್ಮೆ ಶಾಲೆಯ ಹೊಸ್ತಿಲನ್ನು ದಾಟಿ ಒಳಹೊಕ್ಕು, ಮಕ್ಕಳು ಓದುವುದನ್ನು ಕೇಳಿ ಬಂದರೂ ಸಾಕು. ಮಹಾನವಮಿಯ ಚೌಪದವನ್ನು ಕೇಳಲು ಬಾಗಿಲಿಗೆ ಬರುತ್ತಿದ್ದ ಹಿರಿಯರ ಸಂಪ್ರದಾಯವನ್ನು ನಡೆಸಿದಂತಾಗುವುದು.

ಮಠಗಳ ಮಹೋತ್ಸವಗಳಲ್ಲಿ ದಾನಿಗಳ ಹೆಸರನ್ನು ಕಲ್ಲಿನಲ್ಲಿ ಬರೆಯಿಸುವ ವಾಡಿಕೆಯುಂಟು. ಅದು ಯೋಗ್ಯವಾದುದೇ. ಆದರೆ ಆ ಕಲ್ಲನ್ನು ಊರಿನ ಕಡೆಯ ಮನೆಯ ಕಡೆಯ ಮಗುವೂ ನಿಂತು ತಡೆಯಿಲ್ಲದೆ ಓದಬಲ್ಲದಾದ ದಿನವೇ ದಾನವು ಫಲಿಸಿತೆಂದು ತಿಳಿಯತಕ್ಕದ್ದು. ತಾಂಡ್ಯದ ಸೀಮೆಯ ಸದ್ಭಕ್ತರು ಆ ದಿನವನ್ನು ತಮ್ಮ ತಮ್ಮ ಊರಿನಲ್ಲಿ ಉಳಿಸಿಕೊಂಡು ಬರಲೆಂಬುದೇ ಹಾರೈಕೆ.